ಬಿಡುವಿನ ವೇಳೆ: ಓದುವವರೇ ದಾರಿ ಹಿಡಿಯುವ ಕಥೆ

ಸೋದರಿಯರೇ, ಕಸೂತಿ, ಕ್ರೋಶೆ, ಮಣಿಯ ತೋರಣ ಎಲ್ಲ ಈ ಅಂಕಣದಲ್ಲಿ ಆಗಿಹೋದವು. ಈ ಸಲ ಸೂಜಿ-ದಾರ ಬೇಡದ ಒಂದು ಹವ್ಯಾಸ ನೋಡೋಣ. ಓದುವವರೇ ದಾರಿ ಆರಿಸಿಕೊಂಡು ಹೋಗುವ ಕಥೆಯಾಟವನ್ನು ಕಂಪ್ಯೂಟರಿನಲ್ಲಿ ಬರೆಯುವುದು. ಇದರಲ್ಲಿ ಚಿತ್ರವಿಲ್ಲ, ಗುಂಡಿನ ಸದ್ದಿಲ್ಲ, ಬರೀ ಅಕ್ಷರ. ನಾಲ್ಕು ಸಾಲು ಓದುತ್ತೀರಿ. ಕೊನೆಗೆ “ಈಗ ಏನು ಮಾಡುತ್ತೀರಿ?” ಎಂದು ಕೇಳಿ ಎರಡು-ಮೂರು ದಾರಿ ತೋರಿಸುತ್ತದೆ. ನೀವು ಒತ್ತಿದ ದಾರಿಯಲ್ಲೇ ಕಥೆ ಮುಂದೆ ಸಾಗುತ್ತದೆ.

“ಅಯ್ಯೋ, ಇದೆಲ್ಲ ಕಂಪ್ಯೂಟರ್ ಓದಿದ ಹುಡುಗರ ಕೆಲಸ ಕಣ್ರೀ” ಅಂದರು ಪಕ್ಕದ ಮನೆಯಾಕೆ. ಹಾಗೇನೂ ಇಲ್ಲ. ಅಮೆರಿಕದ ವಿಲ್ ಕ್ರೌಥರ್ ಎಂಬಾತ ಕಂಪ್ಯೂಟರ್ ಕೆಲಸದವನೇ ನಿಜ. ಆದರೆ 1976ರ ಸುಮಾರಿಗೆ ಆತ ‘ಅಡ್ವೆಂಚರ್’ ಎಂಬ ಆಟ ಬರೆದದ್ದು ತನ್ನ ಇಬ್ಬರು ಹೆಣ್ಣುಮಕ್ಕಳಿಗಾಗಿ. ಹೆಂಡತಿಯಿಂದ ಬೇರೆಯಾದ ಮೇಲೆ ಮಕ್ಕಳ ನೆನಪು ಕಾಡಿ, ತಾನು ಸುತ್ತಿದ್ದ ಕೆಂಟಕಿಯ ಮ್ಯಾಮತ್ ಗುಹೆಯನ್ನೇ ಮಾತಿನಲ್ಲಿ ಕಟ್ಟಿದ. 1977ರಲ್ಲಿ ಡಾನ್ ವುಡ್ಸ್ ಅದನ್ನು ಬೆಳೆಸಿದ. ಆ ಆಟ ಆಡಿ ಮರುಳಾದವಳು ರಾಬರ್ಟಾ ವಿಲಿಯಮ್ಸ್, ಮಕ್ಕಳನ್ನು ನೋಡಿಕೊಂಡು ಮನೆಯಲ್ಲಿದ್ದಾಕೆ. ಅಡಿಗೆಮನೆ ಮೇಜಿನ ಮೇಲೆ ಕಾಗದ ಹರಡಿ ಕಥೆ, ನಕ್ಷೆ ಬರೆದಳು. ಗಂಡ ಅದನ್ನು ಕಂಪ್ಯೂಟರಿಗೆ ಇಳಿಸಿದ. 1980ರಲ್ಲಿ ‘ಮಿಸ್ಟರಿ ಹೌಸ್’ ಹೊರಬಂತು. ಅವಳು ಅದಕ್ಕೆ ಚಿತ್ರಗಳನ್ನೂ ಸೇರಿಸಿದ್ದಳು.

ನಮಗೆ ಅಷ್ಟು ಕಷ್ಟವೂ ಇಲ್ಲ. 2009ರಲ್ಲಿ ಕ್ರಿಸ್ ಕ್ಲೀಮಸ್ ಎಂಬಾತ ಮಾಡಿದ ‘ಟ್ವೈನ್’ ಎಂಬ ಸಾಧನ ಇದೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಬರೆಯಬಹುದು.

ಬೇಕಾಗುವ ಸಾಮಗ್ರಿ: ಹಳೆಯ ನೋಟುಪುಸ್ತಕದ ಹಾಳೆಯಿಂದ ಹರಿದ 12 ಚೀಟಿ, ಪೆನ್ಸಿಲ್, ಇಂಟರ್‌ನೆಟ್ ಇರುವ ಒಂದು ಕಂಪ್ಯೂಟರ್. ಮಕ್ಕಳ ಲ್ಯಾಪ್‌ಟಾಪ್ ಆದರೂ ಸರಿ.

ಮಾಡುವ ವಿಧಾನ: ಮೊದಲು ಚೀಟಿ, ಆಮೇಲೆ ಕಂಪ್ಯೂಟರ್. ಒಂದೊಂದು ಚೀಟಿಗೆ ಕಥೆಯ ಒಂದೊಂದು ತುಣುಕು ಬರೆದು ನೆಲದ ಮೇಲೆ ಹರಡಿ. ಇಲ್ಲಿ ಒಂದು ಲೆಕ್ಕ ಗಮನದಲ್ಲಿರಲಿ. ಪ್ರತಿ ಚೀಟಿಯಿಂದ ಎರಡೆರಡು ದಾರಿ ಕವಲೊಡೆಯುತ್ತ ಹೋದರೆ 2, 4, 8, 16 ಆಗಿ ಐದನೆಯ ಸುತ್ತಿಗೆ 32 ಮುಕ್ತಾಯ, ಒಟ್ಟು 63 ಚೀಟಿ! ಅಷ್ಟು ಬರೆಯುವ ಹೊತ್ತಿಗೆ ಮೂರು ಹಬ್ಬ ಕಳೆದಿರುತ್ತದೆ. ಅದಕ್ಕೇ ದಾರಿಗಳು ಕವಲೊಡೆದು ಮತ್ತೆ ಕೂಡಬೇಕು, ಜಡೆ ಹೆಣೆದ ಹಾಗೆ.

ನನ್ನ ಮೊದಲ ಆಟದ ಹೆಸರು ‘ತವರಿನಿಂದ ಫೋನು’. ಅಮ್ಮನಿಗೆ ಜ್ವರ ಎಂದು ಬೆಳಿಗ್ಗೆ ಸುದ್ದಿ ಬಂದಿದೆ. ಮಧ್ಯಾಹ್ನ ಮನೆಗೆ ನೆಂಟರು ಊಟಕ್ಕೆ ಬರುವವರಿದ್ದಾರೆ. ಯಾರನ್ನೂ ಕೇಳದೆ ಬಸ್ಸು ಹತ್ತುವುದೇ? ಅಡಿಗೆ ಮುಗಿಸಿ ಹೊರಡುವುದೇ? ಯಜಮಾನರನ್ನು ಕೇಳಿ ಹೊರಡುವುದೇ? ಮೂರು ದಾರಿಯೂ ಬಸ್‌ಸ್ಟ್ಯಾಂಡಿನ ಚೀಟಿಯಲ್ಲಿ ಸೇರುತ್ತವೆ. ಅಲ್ಲಿಂದ ಮತ್ತೆ ಎರಡಾಗಿ, ಕೂಡಿ, ಕೊನೆಗೆ ಮೂರು ಮುಕ್ತಾಯ. ಲೆಕ್ಕ 12 ಚೀಟಿಗೆ ಸರಿಹೋಯಿತು.

ಚೀಟಿ ಸರಿಹೋದ ಮೇಲೆ ಟ್ವೈನ್‌ನಲ್ಲಿ ಹೊಸ ಕಥೆ ತೆರೆದು ಒಂದೊಂದು ಚೀಟಿಯನ್ನೂ ಒಂದೊಂದು ಚೌಕದಲ್ಲಿ ಬರೆಯಿರಿ. ಓದುಗರು ಒತ್ತಬೇಕಾದ ಮಾತಿನ ಆಚೆ-ಈಚೆ ಎರಡೆರಡು ಚೌಕ ಕಂಸ ಹಾಕಿದರೆ ಸಾಕು, ಆ ಹೆಸರಿನ ಮುಂದಿನ ಚೌಕ ತಾನಾಗಿಯೇ ಹುಟ್ಟುತ್ತದೆ, ನಡುವೆ ಬಾಣದ ಗುರುತೂ ಬೀಳುತ್ತದೆ. ಬ್ರೌಸರಿನಲ್ಲೇ ಬರೆದ ಕಥೆ, ಬ್ರೌಸರನ್ನು ಯಾರಾದರೂ ಸ್ವಚ್ಛ ಮಾಡಿದರೆ ಅಳಿಸಿಹೋಗುತ್ತದೆ. ಆದ್ದರಿಂದ ಅವತ್ತಿನ ಕೆಲಸವನ್ನು ಅವತ್ತೇ ಫೈಲಾಗಿ ಇಳಿಸಿಡಿ. ಆ ಫೈಲು ಮೊಬೈಲಿನ ಬ್ರೌಸರಿನಲ್ಲೂ ತೆರೆಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ‘ಎಡಕ್ಕೆ ಹೋಗುವುದೋ, ಬಲಕ್ಕೋ’ ಎಂಬುದು ಆಯ್ಕೆಯೇ ಅಲ್ಲ, ಕಣ್ಣು ಮುಚ್ಚಿ ಒತ್ತಬಹುದು. ಪ್ರತಿ ದಾರಿಯಲ್ಲೂ ಏನೋ ಒಂದು ಸಿಗಬೇಕು, ಏನೋ ಒಂದು ಬಿಟ್ಟುಹೋಗಬೇಕು. ಹಾಗೆಯೇ, ಬರೆಯುವ ನಾವು ಮನಸ್ಸಿನಲ್ಲೇ ಒಂದು ‘ಸರಿ ಉತ್ತರ’ ಇಟ್ಟುಕೊಂಡು ಬೇರೆ ದಾರಿ ಹಿಡಿದವರಿಗೆ ಬುದ್ಧಿ ಹೇಳಬಾರದು. ಕೇಳದೆ ಹೊರಟವಳನ್ನು ಕಥೆಯಲ್ಲಿ ಕೆಟ್ಟವಳು ಮಾಡಿದರೆ, ಅಡಿಗೆ ಮುಗಿಸಿ ಹೊರಟವಳನ್ನು ಪೆದ್ದಿ ಮಾಡಿದರೆ, ಅದು ಆಟವಲ್ಲ, ಉಪದೇಶ.

ಆಟ ಮುಗಿದ ಮೇಲೆ ಮನೆಯವರೆಲ್ಲ ಆಡಿದರು. ಮಗಳು ಯೋಚಿಸಿ ಯೋಚಿಸಿ “ಅಡಿಗೆ ಮುಗಿಸ್ತೀನಿ” ಅಂದಳು. ನಮ್ಮ ಅತ್ತೆಯವರಿಗೆ ಕಣ್ಣು ಮಂಜು, ನಾನೇ ಓದಿ ಹೇಳಿದೆ. ಅವರು ಅರೆಗಳಿಗೆಯೂ ತಡೆಯಲಿಲ್ಲ. “ಬಸ್ಸು ಹತ್ತಿಸು ನನ್ನ” ಅಂದರು. ಆಮೇಲೆ ಮೆಲ್ಲಗೆ, “ಆವಾಗ ಹಿಂಗೆ ಯಾರೂ ಕೇಳ್ಲಿಲ್ಲ ನೋಡು, ನೀನೇನು ಮಾಡ್ತೀಯಮ್ಮ ಅಂತ.” ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದೇವೆ, ಅವರ ತಾಯಿಯ ಕೊನೆಯ ದಿನಗಳ ಕಥೆ ನಾನು ಕೇಳಿದ್ದು ಆ ಸಂಜೆ.

ನಿಮ್ಮ ಕಥೆ ದೊಡ್ಡದಾಗಬೇಕಿಲ್ಲ. ಸಂತೆ, ಮದುವೆಮನೆ, ರೇಷನ್ ಅಂಗಡಿಯ ಸಾಲು, ಯಾವುದಾದರೂ ಆದೀತು. ಹನ್ನೆರಡು ಚೀಟಿ ಹರಿದಿಟ್ಟುಕೊಳ್ಳಿ. ಮೊದಲ ಚೀಟಿಯ ಕೊನೆಯ ಸಾಲು ಮಾತ್ರ ಪ್ರಶ್ನೆಯಾಗಿರಲಿ.