ಬೇಸ್ ಗಿಟಾರ್: ಮಾದರಿ ಎರಡೇ ಸಾಕು, ಪರೀಕ್ಷೆ ಬೇಕು

2021ರಲ್ಲಿ ವಿಜಯನಗರ ಜಿಲ್ಲಾ ಕೇಂದ್ರವಾದ ಹೊಸಪೇಟೆ ಹಾಗೂ ನೆರೆಯ ಹಂಪಿ, ಸಂಡೂರು, ಕಂಪ್ಲಿಗಳ ರಸಮಂಜರಿ ತಂಡಗಳಿಗೆ ಬೇಸ್ ಗಿಟಾರ್ ಅಗತ್ಯವಾದರೂ ಬೇಡಿಕೆ ಸೀಮಿತವಾದುದು. ಹತ್ತಾರು ಮಾದರಿಗಳ ದಾಸ್ತಾನು ಬಂಡವಾಳವನ್ನು ಕಟ್ಟಿಹಾಕುತ್ತದೆ. ನಾಲ್ಕು ತಂತಿಯ ಒಂದೆರಡು ಮಾದರಿಗಳೇ ಸಾಕು. 34 ಅಂಗುಲದ ರೂಢಿಯ ಅಳತೆಯಾದರೆ ಬದಲಿ ತಂತಿ ಸುಲಭವಾಗಿ ದೊರೆಯುತ್ತದೆ.

ಆದರೆ ಕಡಿಮೆ ಬೆಲೆಯ ವಾದ್ಯಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ನೆಕ್ ಬಾಗಿದೆಯೇ, ಬಿರಡೆಗಳು ಶ್ರುತಿಯನ್ನು ಹಿಡಿದು ನಿಲ್ಲುತ್ತವೆಯೇ, ಹನ್ನೆರಡನೆಯ ಫ್ರೆಟ್‌ನಲ್ಲಿ ಸ್ವರ ಸರಿಯಾಗಿ ಕೂಡುತ್ತದೆಯೇ, ಆಂಪ್ಲಿಫೈಯರಿಗೆ ಜೋಡಿಸಿದಾಗ ಕರಕರ ಸದ್ದು ಬರುತ್ತದೆಯೇ ಎಂಬುದನ್ನು ಗ್ರಾಹಕನ ಎದುರಿನಲ್ಲಿಯೇ ಪರೀಕ್ಷಿಸಬೇಕು. ಅಂತರಜಾಲದ ಖರೀದಿಯಲ್ಲಿ ಈ ಅನುಕೂಲವಿಲ್ಲ. ಶ್ರುತಿ ನಿಲ್ಲದ ಅಗ್ಗದ ವಾದ್ಯ ಕೊಂಡ ವಿದ್ಯಾರ್ಥಿ ಕಲಿಕೆಯನ್ನೇ ಬಿಡುತ್ತಾನೆ. ವರ್ತಕನು ಮುಂದಿನ ತಂತಿ, ಕೇಬಲ್, ದುರಸ್ತಿಯ ವ್ಯಾಪಾರವನ್ನೂ ಕಳೆದುಕೊಳ್ಳುತ್ತಾನೆ. ಸಣ್ಣ ಊರಿನ ಅಂಗಡಿಯ ನಿಜವಾದ ಬಂಡವಾಳ ವಿಶ್ವಾಸವೇ ಹೊರತು ದಾಸ್ತಾನಲ್ಲ.