‘ವೈ’ ಒತ್ತೋ ಮುಂಚೆ ಒಂದ್ಸಲ ಓದ್ರಪ್ಪಾ

1/6

ಫೋಟೋ ನೋಡಿ ಗಾಬರಿ ಆಗ್ಬೇಡಿ, ಅದು ನನ್ನ ಲ್ಯಾಪ್‌ಟಾಪೇ. ಕಪ್ಪು ಪರದೆ, ಮೂಲೇಲಿ ‘ಲಾಗಿನ್’ ಅನ್ನೋ ಒಂದು ಪದ, ಪಕ್ಕದಲ್ಲಿ ಮಿಣಮಿಣ ಅನ್ನೋ ಗೆರೆ. ಐಕಾನ್ ಇಲ್ಲ, ಮೌಸ್ ಬಾಣ ಇಲ್ಲ, ಏನೂ ಇಲ್ಲ. ಮಾರನೇ ದಿನ ಕಾಸ್ಟ್ ಅಕೌಂಟಿಂಗ್ ಅಸೈನ್‌ಮೆಂಟ್ ಪ್ರಿಂಟ್ ತೆಗೆದು ಕೊಡ್ಬೇಕಿತ್ತು.

ಈ ಲ್ಯಾಪ್‌ಟಾಪ್ ಅಪ್ಪಾಜಿ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಡಿಸಿದ್ದು. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11 ಹಾಕೋಣ ಅಂದ್ರೆ ಮಷೀನ್ ತುಂಬಾ ಹಳೇದು, ಒಪ್ಪಲ್ಲ. ಹೊಸದು ಕೊಡ್ಸಿ ಅಂತ ಕೇಳೋ ಪರಿಸ್ಥಿತಿ ಮನೇಲಿಲ್ಲ. ಬಿಸಿಎ ಓದೋ ಗೆಳತಿ ಉಬುಂಟು 24.04 ಹಾಕಿಕೊಟ್ಲು. 2029ರವರೆಗೆ ಯೋಚನೆ ಇಲ್ಲ, ಅಪ್‌ಡೇಟ್ ಮಾತ್ರ ಸರಿಯಾಗಿ ಮಾಡ್ಕೋ ಅಂದ್ಲು.

ನಾನು ಮಾಡಿದ್ದೇನು? ಪ್ರಿಂಟರ್ ಓಡ್ತಿಲ್ಲ ಅಂತ ಯಾವುದೋ ವಿಡಿಯೋ ನೋಡಿ, ಕೆಳಗೆ ಕೊಟ್ಟಿದ್ದ ಮೂರು ಸಾಲು ಕಾಪಿ ಮಾಡಿ ಟರ್ಮಿನಲ್‌ಗೆ ಅಂಟಿಸಿದೆ. ಕೊನೇ ಸಾಲಿನ ಬಾಲದಲ್ಲಿ ಹೈಫನ್ ಹಾಕಿ ಒಂದು ‘ವೈ’ ಇತ್ತು. ಸಾಲುಗಳು ಸರಸರ ಓಡ್ತಿದ್ವು, ನಾನು ಫೋನ್‌ನಲ್ಲಿ ರೀಲ್ಸ್ ನೋಡ್ತಿದ್ದೆ. ಆಮೇಲೆ ರೀಸ್ಟಾರ್ಟ್ ಮಾಡಿದೆ. ಮುಂದಿನದು ಫೋಟೋದಲ್ಲೇ ಇದೆ.

2/6

ತಪ್ಪು ಕಂಪ್ಯೂಟರ್‌ದಲ್ಲ, ನಂದು. ಅದನ್ನ ಹೇಳ್ಬೇಕಂದ್ರೆ ಮೊದ್ಲು ಎರಡು ಕಮಾಂಡ್‌ಗಳ ವ್ಯತ್ಯಾಸ ಹೇಳ್ಬೇಕು. ಅರ್ಧ ಜನ ಎಡವೋದು ಇಲ್ಲೇ.

‘ಸುಡೋ ಆಪ್ಟ್ ಅಪ್‌ಡೇಟ್’ ಅಂತ ಹೊಡೆದ್ರೆ ನಿಮ್ಮ ಸಾಫ್ಟ್‌ವೇರ್ ಯಾವುದೂ ಹೊಸದಾಗಲ್ಲ. ಹೆಸರು ನೋಡಿ ಮೋಸ ಹೋಗ್ಬೇಡಿ. ಅದು ಹೋಲ್‌ಸೇಲ್ ಅಂಗಡಿಯಿಂದ ಇವತ್ತಿನ ಪಟ್ಟಿ ತರಿಸಿಕೊಂಡಂಗೆ: ಏನೇನು ಹೊಸ ಮಾಲು ಬಂದಿದೆ ಅಂತ ಗೊತ್ತಾಗುತ್ತೆ, ಅಷ್ಟೇ. ಮಾಲು ಮನೆಗೆ ಬರೋದು ‘ಸುಡೋ ಆಪ್ಟ್ ಅಪ್‌ಗ್ರೇಡ್’ ಅಂದಾಗ. ಪಟ್ಟಿ ತರಿಸದೇ ಆರ್ಡರ್ ಕೊಟ್ರೆ ಹಳೇ ಪಟ್ಟಿ ಮೇಲೇ ಆರ್ಡರ್ ಹೋಗುತ್ತೆ. ಅದಕ್ಕೇ ಎರಡೂ ಬೇಕು, ಅದೇ ಕ್ರಮದಲ್ಲಿ ಬೇಕು. ಎರಡರ ಮಧ್ಯೆ ‘ಆಪ್ಟ್ ಲಿಸ್ಟ್ ಅಪ್‌ಗ್ರೇಡಬಲ್’ ಹಾಕಿ (ಕೊನೇ ಪದದ ಮುಂದೆ ಎರಡು ಹೈಫನ್). ಯಾವ ಮಾಲಿನ ಯಾವ ಆವೃತ್ತಿ ಬರುತ್ತೆ ಅಂತ ಸಾಲುಸಾಲಾಗಿ ಕಾಣುತ್ತೆ.

ಇನ್ನೊಂದು ವಿಷಯ. ಬರೀ ‘ಅಪ್‌ಗ್ರೇಡ್’ ಇರೋದನ್ನ ಹೊಸದು ಮಾಡುತ್ತೆ, ಬೇಕಾದ್ರೆ ಹೊಸದನ್ನ ಸೇರಿಸುತ್ತೆ, ಆದ್ರೆ ಇರೋದನ್ನ ಕಿತ್ತು ಹಾಕಲ್ಲ. ‘ಫುಲ್ ಅಪ್‌ಗ್ರೇಡ್’ ಅಗತ್ಯ ಬಿದ್ರೆ ಕಿತ್ತೂ ಹಾಕುತ್ತೆ. ‘ಇನ್‌ಸ್ಟಾಲ್’ ಕೂಡ ಹಂಗೇ, ಒಂದನ್ನ ಕೂರಿಸೋಕೆ ಇನ್ನೊಂದನ್ನ ಎಬ್ಬಿಸಬಹುದು. ನನಗಾಗಿದ್ದು ಅದೇ. ಪ್ರಿಂಟರ್ ಡ್ರೈವರ್‌ಗೆ ಬೇಕಾದ ಲೈಬ್ರರಿಗೂ ನನ್ನ ಡೆಸ್ಕ್‌ಟಾಪ್‌ಗೆ ಬೇಕಾದ ಲೈಬ್ರರಿಗೂ ಹೊಂದಾಣಿಕೆ ಆಗ್ಲಿಲ್ಲ. ಡ್ರೈವರ್ ಬಂತು, ಡೆಸ್ಕ್‌ಟಾಪ್ ಹೋಯ್ತು.

3/6

ಹೇಳದೇ ಹೋಯ್ತಾ? ಇಲ್ಲ. ನನ್ನ ವಾದ ಶುರುವಾಗೋದೇ ಇಲ್ಲಿ.

ಆಪ್ಟ್ ಕೆಲಸ ಶುರು ಮಾಡೋ ಮುಂಚೆ ಪೂರ್ತಿ ಲೆಕ್ಕ ಒಪ್ಪಿಸುತ್ತೆ. ಇಷ್ಟು ಹೊಸದಾಗುತ್ತೆ, ಇಷ್ಟು ಹೊಸದಾಗಿ ಸೇರುತ್ತೆ, ಇಷ್ಟು ಹೋಗುತ್ತೆ, ಇಷ್ಟು ಹಂಗೇ ಉಳಿಯುತ್ತೆ. ನಾಲ್ಕೇ ಅಂಕಿ. ಹೋಗೋ ಪ್ಯಾಕೇಜ್‌ಗಳ ಪಟ್ಟಿ ಮೇಲೆ ‘ರಿಮೂವ್ಡ್’ ಅನ್ನೋ ಪದ ಕ್ಯಾಪಿಟಲ್ ಅಕ್ಷರದಲ್ಲೇ ಇರುತ್ತೆ. 2025ರಲ್ಲಿ ಬಂದ ಆಪ್ಟ್ 3.0ನಲ್ಲಂತೂ ಅದನ್ನ ಕೆಂಪು ಬಣ್ಣದಲ್ಲಿ ತೋರಿಸ್ತಾರೆ. ಇಷ್ಟೆಲ್ಲಾ ತೋರಿಸಿದ ಮೇಲೆ ಮುಂದುವರಿಯಲಾ ಅಂತ ಕೇಳುತ್ತೆ. ಪಕ್ಕದಲ್ಲಿ ದೊಡ್ಡ ‘ವೈ’, ಸಣ್ಣ ‘ಎನ್’. ದೊಡ್ಡಕ್ಷರ ಅಂದ್ರೆ ಬರೀ ಎಂಟರ್ ಒತ್ತಿದ್ರೂ ‘ಹೌದು’ ಅಂತಲೇ ಲೆಕ್ಕ. ಫೆಡೋರಾದ ಡಿಎನ್‌ಎಫ್‌ನಲ್ಲಿ ಇದು ಉಲ್ಟಾ: ಅಲ್ಲಿ ‘ಎನ್’ ದೊಡ್ಡದು, ಎಂಟರ್ ಒತ್ತಿದ್ರೆ ‘ಬೇಡ’. ನನ್ನ ಕೇಳಿದ್ರೆ ಫೆಡೋರಾದವರದ್ದೇ ಸರಿ. ಸುಮ್ನೆ ಇದ್ದೋರು ಒಪ್ಪಿದಂಗೆ ಅಂತ ಲೆಕ್ಕ ಹಾಕೋದು ಯಾವ ನ್ಯಾಯ?

ಬಾಲಕ್ಕೆ ‘ವೈ’ ಸೇರಿಸಿದ್ರೆ ಆ ಪ್ರಶ್ನೆನೇ ಬರಲ್ಲ. ಅಂದ್ರೆ ಖಾಲಿ ಚೆಕ್‌ಗೆ ಸಹಿ ಹಾಕಿ ಕೊಟ್ಟಂಗೆ.

ಪ್ರಶ್ನೆ ಬಂದ್ರೂ ಓದದೇ ಇದ್ರೆ ಅಷ್ಟೇ. 2021ರಲ್ಲಿ ಲೈನಸ್ ಟೆಕ್ ಟಿಪ್ಸ್ ಚಾನೆಲ್‌ನ ಲೈನಸ್ ಸೆಬಾಸ್ಟಿಯನ್, ಪಾಪ್ ಓಎಸ್‌ನಲ್ಲಿ ಗೇಮ್ ಆಡೋಕೆ ಸ್ಟೀಮ್ ಹಾಕೋಕೆ ಹೋದ್ರು. ಪ್ಯಾಕೇಜ್‌ನಲ್ಲೇ ಎಡವಟ್ಟಿತ್ತು, ನಿಜ. ಆದ್ರೆ ಇದು ಅಪಾಯ, ಆದ್ರೂ ಬೇಕು ಅಂದ್ರೆ ‘ಹೌದು, ನಾನು ಹೇಳಿದಂಗೆ ಮಾಡು’ ಅನ್ನೋ ವಾಕ್ಯ ಪೂರ್ತಿ ಟೈಪ್ ಮಾಡಿ ಅಂತ ಅದು ಕೇಳ್ತು. ಅವ್ರು ಟೈಪ್ ಮಾಡಿದ್ರು. ಡೆಸ್ಕ್‌ಟಾಪ್ ಹೋಯ್ತು. ಕಂಪ್ಯೂಟರ್ ಮೇಲೇ ಬದುಕು ಕಟ್ಟಿಕೊಂಡ ಮನುಷ್ಯನೇ ಓದ್ಲಿಲ್ಲ ಅಂದ್ಮೇಲೆ ನಾನ್ಯಾವ ಲೆಕ್ಕ ಅನ್ನಿ.

4/6

ಈ ಫೋಟೋದಲ್ಲಿರೋದು ಅಪ್ಪಾಜಿಯ ಕಿರ್ದಿ ಪುಸ್ತಕ (ಅಂಕಿ ಕಾಣದಂಗೆ ಕೈ ಅಡ್ಡ ಇಟ್ಟಿದೀನಿ). ಅವರು ಕಿರಾಣಿ ಹೋಲ್‌ಸೇಲ್ ಅಂಗಡೀಲಿ ಲೆಕ್ಕ ಬರೆಯೋರು. ಲಾರಿಯಿಂದ ಮಾಲು ಇಳಿದಾಗ ಬಿಲ್ ಹಿಡ್ಕೊಂಡು ಮೂಟೆ ಎಣಿಸ್ತಾರೆ. ಡ್ರೈವರ್ ಎಷ್ಟೇ ಅವಸರ ಮಾಡಿದ್ರೂ ಎಣಿಸದೇ ಸಹಿ ಹಾಕಲ್ಲ.

ಆ ರಾತ್ರಿ ಗೆಳತಿಗೆ ಫೋನ್ ಮಾಡಿ ಅತ್ತೆ. ಅವಳು ಬೈಲಿಲ್ಲ. “ಅಳೋದು ಆಮೇಲೆ. ಮೊದ್ಲು ಲಾಗಿನ್ ಆಗಿ ಹಿಸ್ಟರಿ ನೋಡೇ” ಅಂದ್ಲು. ‘ವಾರ್’ ಒಳಗೆ ‘ಲಾಗ್’, ಅದರೊಳಗೆ ‘ಆಪ್ಟ್’, ಅಲ್ಲಿ ‘ಹಿಸ್ಟರಿ ಡಾಟ್ ಲಾಗ್’ ಅನ್ನೋ ಫೈಲ್. ತೆಗೆದು ನೋಡಿದ್ರೆ ಎದೆ ಝಲ್ ಅಂತು, ಯಾಕಂದ್ರೆ ಅದು ಸಾಕ್ಷಾತ್ ಕಿರ್ದಿ! ಶುರುವಾದ ತಾರೀಖು, ಗಂಟೆ, ನಾನು ಹೊಡೆದ ಕಮಾಂಡ್ ಅಕ್ಷರಶಃ, ಬಂದಿದ್ದೇನು, ಹೋಗಿದ್ದೇನು, ಮುಗಿದ ಗಂಟೆ. ಎರಡೂ ಕಡೆ ಎಂಟ್ರಿ. ಮೊದಲನೇ ಸೆಮಿಸ್ಟರ್‌ನಿಂದ ನಾವು ಓದ್ತಿರೋದು ಇದನ್ನೇ ಅಲ್ವಾ?

ಆಮೇಲೆ ಫೋನ್‌ನ ಯುಎಸ್‌ಬಿ ಕೇಬಲ್‌ನಲ್ಲಿ ನೆಟ್ ಕೊಟ್ಟು, ವಿಡಿಯೋ ನೋಡಿ ಸೇರಿಸಿದ್ದ ಹೊರಗಿನ ರೆಪೊಸಿಟರಿನೂ ಅದು ತಂದಿದ್ದನ್ನೂ ತೆಗೆದು, ಪಟ್ಟಿ ಹೊಸದಾಗಿ ತರಿಸಿ, ಹೋಗಿದ್ದನ್ನ ಕಿರ್ದಿ ನೋಡ್ಕೊಂಡು ವಾಪಸ್ ಹಾಕಿದ್ವಿ. ಡೆಸ್ಕ್‌ಟಾಪ್ ಬಂದಾಗ ಎರಡೂವರೆ ಗಂಟೆ ರಾತ್ರಿ. ಫೈಲ್‌ಗಳು ಒಂದೂ ಹೋಗಿರ್ಲಿಲ್ಲ.

ಅಸೈನ್‌ಮೆಂಟ್ ಪೆನ್‌ಡ್ರೈವ್‌ಗೆ ಹಾಕಿ ಜೆರಾಕ್ಸ್ ಅಂಗಡೀಲಿ ಪ್ರಿಂಟ್ ತೆಗೆಸಿದೆ. ಮೊದಲೇ ಹಂಗೇ ಮಾಡಿದ್ರೆ ಆಗ್ತಿತ್ತು, ಗೊತ್ತು.

5/6

ಇಷ್ಟು ಹೇಳಿದ್ರೆ ಕ್ಲಾಸ್‌ಮೇಟ್ಸ್ ಹೇಳೋದು ಒಂದೇ: “ಹಂಗಾದ್ರೆ ಅಪ್‌ಡೇಟೇ ಮಾಡ್ಬೇಡ, ನೆಮ್ಮದಿಯಾಗಿರು.”

ಇಲ್ಲ ಕಣ್ರೋ. ಅದು ಬೀಗ ಕೆಟ್ಟಿದೆ ಅಂತ ಗೊತ್ತಾದ್ಮೇಲೂ ರಿಪೇರಿ ಮಾಡಿಸದೇ ಮಲಗಿದಂಗೆ. ಒಂದು ತೂತು ಮುಚ್ಚೋ ಅಪ್‌ಡೇಟ್ ಬಂತು ಅಂದ್ರೆ ಆ ತೂತು ಎಲ್ಲಿದೆ ಅಂತ ಕಳ್ಳರಿಗೂ ಅವತ್ತೇ ಗೊತ್ತಾಗುತ್ತೆ.

2024ರ ಮಾರ್ಚ್‌ನಲ್ಲಿ ನಡೆದಿದ್ದು ಕೇಳಿ. ಆಂಡ್ರೆಸ್ ಫ್ರಾಯಿಂಡ್ ಅನ್ನೋ ಇಂಜಿನಿಯರ್‌ಗೆ ಎಸ್‌ಎಸ್‌ಎಚ್ ಲಾಗಿನ್ ಮಾಮೂಲಿಗಿಂತ ಸುಮಾರು ಅರ್ಧ ಸೆಕೆಂಡ್ ತಡ ಆಗ್ತಿದೆ ಅನ್ನಿಸ್ತು. ಅರ್ಧ ಸೆಕೆಂಡ್! ಬೇರೆಯವ್ರಾಗಿದ್ರೆ ನೆಟ್ ಸ್ಲೋ ಅಂತ ಬಿಟ್ಟುಬಿಡ್ತಿದ್ರು. ಆತ ಬೆನ್ನು ಹತ್ತಿ ಹೋದಾಗ ‘ಎಕ್ಸ್‌ಝಡ್’ ಅನ್ನೋ ಕಂಪ್ರೆಷನ್ ಸಾಫ್ಟ್‌ವೇರ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕಂತಲೇ ಕಳ್ಳ ಬಾಗಿಲು ಇಟ್ಟಿರೋದು ಸಿಕ್ತು. ಡೆಬಿಯನ್‌ನ ಟೆಸ್ಟಿಂಗ್‌ನಂಥ ಪರೀಕ್ಷಾ ಹಂತದ ಆವೃತ್ತಿಗಳಿಗೆ ಅದು ಆಗಲೇ ಬಂದಾಗಿತ್ತು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಬರೋ ಮುಂಚೆ ಸಿಕ್ಕಿಬಿತ್ತು.

ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಐವತ್ತು ಪೈಸೆ ತಾಳೆ ಆಗ್ತಿಲ್ಲ ಅಂತ ರಾತ್ರಿಯೆಲ್ಲಾ ಕೂತು ಹುಡುಕೋ ಆಡಿಟರ್ ಇರ್ತಾರಲ್ಲ, ಅದೇ ಜಾತಿ ಮನುಷ್ಯ. ಅಪ್‌ಡೇಟ್ ದಾರೀಲೇ ಬಂದ ವಿಷ ಇದು, ನಿಜ. ಆದ್ರೆ ಅದನ್ನ ತೆಗೆದುಹಾಕಿದ ಪ್ಯಾಕೇಜ್ ಬಂದಿದ್ದೂ ಅದೇ ಅಪ್‌ಡೇಟ್ ದಾರೀಲೇ. ದಾರಿ ಮುಚ್ಚೋದು ಪರಿಹಾರ ಅಲ್ಲ. ದಾರೀಲಿ ಬರೋದನ್ನ ಕಣ್ಣು ಬಿಟ್ಟು ನೋಡೋದು ಪರಿಹಾರ.

6/6

‘ವೈ’ ಸೇರಿಸೋದು ಯಾವಾಗ್ಲೂ ತಪ್ಪು ಅಂತಲ್ಲ. ನೂರಾರು ಸರ್ವರ್ ನೋಡ್ಕೊಳ್ಳೋರು ಸ್ಕ್ರಿಪ್ಟ್‌ನಲ್ಲಿ ಅದನ್ನ ಬಳಸ್ತಾರೆ, ಏನಾಗುತ್ತೆ ಅಂತ ಮೊದಲೇ ಪರೀಕ್ಷೆ ಮಾಡಿರ್ತಾರೆ. ಸೆಕ್ಯುರಿಟಿ ಅಪ್‌ಡೇಟ್‌ಗಳನ್ನ ಉಬುಂಟು ಕೂಡ ತಾನೇ ಹಾಕ್ಕೊಳ್ಳುತ್ತೆ. ನನ್ನ ತಕರಾರು, ಕಲಿಯೋರಿಗೆ ಮೊದಲನೇ ದಿನವೇ ‘ಇದನ್ನ ಕಾಪಿ ಮಾಡಿ ಅಂಟಿಸಿ’ ಅಂತ ಹೇಳಿಕೊಡೋರ ಮೇಲೆ. ಕಮಾಂಡ್ ಕೊಡ್ತಾರೆ, ಓದೋದು ಹೇಳಿಕೊಡಲ್ಲ. ಕಂಪ್ಯೂಟರ್ ಪೇಪರ್‌ನಲ್ಲೂ ನಾವು ಯಾವ ಮೆನು ಯಾವ ಬಟನ್ ಅಂತ ಬಾಯಿಪಾಠ ಮಾಡಿದ್ದೇ ಬಂತು.

ಟರ್ಮಿನಲ್ ಇಂಜಿನಿಯರಿಂಗ್‌ನವ್ರಿಗೆ, ನಮಗಲ್ಲ ಅಂತ ಕಾಮರ್ಸ್‌ನವ್ರು ಅಂದ್ಕೊಂಡಿದೀವಿ. ನಾನಂತೀನಿ, ಆ ಪರದೆ ಇರೋದೇ ನಮ್ಮಂಥವ್ರಿಗೆ. ಅಲ್ಲಿರೋದು ಬಿಲ್ಲು, ಸ್ಟಾಕು, ಸಹಿ, ಕಿರ್ದಿ. ಇಂಗ್ಲಿಷ್ ಜಾಸ್ತಿ ಇದೆ ಅಂತ ಹೆದರ್ಬೇಡಿ, ಆ ನಾಲ್ಕು ಅಂಕಿಯಿಂದ ಶುರು ಮಾಡಿ.

ಈಗ ಭಾನುವಾರ ಬೆಳಿಗ್ಗೆ ನಾನು ಮಾಡೋದಿಷ್ಟು. ಪಟ್ಟಿ ತರಿಸ್ತೀನಿ. ಏನು ಬಂದಿದೆ ನೋಡ್ತೀನಿ. ಹೊಸದೇನಾದ್ರೂ ಹಾಕೋದಿದ್ರೆ ಮೊದ್ಲು ಹೈಫನ್ ‘ಎಸ್’ ಸೇರಿಸಿ ಹೊಡೀತೀನಿ, ಏನೂ ಮುಟ್ಟದೇ ಏನಾಗಬಹುದು ಅಂತ ಬರೀ ತೋರಿಸುತ್ತೆ. ತೆಗೆಯೋ ಅಂಕಿ ಸೊನ್ನೆ ಇಲ್ಲ ಅಂದ್ರೆ ಆ ಹೆಸರುಗಳನ್ನ ಒಂದೊಂದಾಗಿ ಓದ್ತೀನಿ. ಅರ್ಥ ಆಗ್ಲಿಲ್ಲ ಅಂದ್ರೆ ‘ಎನ್’.

ಮೊನ್ನೆ ಅಪ್ಪಾಜಿ ಪಕ್ಕದಲ್ಲಿ ನಿಂತು ನೋಡ್ತಿದ್ರು. “ಏನಮ್ಮ ಅಷ್ಟೊತ್ತಿಂದ ಓದ್ತಿದೀಯ?” ಅಂದ್ರು. ಮಾಲು ಇಳೀತಿದೆ ಅಪ್ಪಾಜಿ, ಎಣಿಸ್ತಿದೀನಿ ಅಂದೆ. ಅವ್ರು ಏನೂ ಅನ್ನದೇ ಕುರ್ಚಿ ಎಳ್ಕೊಂಡು ಪಕ್ಕದಲ್ಲಿ ಕೂತ್ರು.

ನೀವೂ ಓದದೇ ಎಂಟರ್ ಒತ್ತಿ ಕೈ ಸುಟ್ಕೊಂಡಿದ್ರೆ ಕಾಮೆಂಟ್‌ನಲ್ಲಿ ಹೇಳಿ, ನಾನೊಬ್ಳೇ ಅಲ್ಲ ಅಂತ ಸಮಾಧಾನ ಆಗ್ಲಿ. 🙏

#ಕನ್ನಡದಲ್ಲಿ_ಲಿನಕ್ಸ್ #ಬಿಕಾಂ_ಡೈರಿ #ಓದಿ_ಆಮೇಲೆ_ಒತ್ತಿ