ಕೋವಿಗೆ ಪೂಜೆ, ಕೈಗೆ ಉಪೇಕ್ಷೆ

ಕಾವೇರಿಯ ಆಚೆಯ ದಡದಲ್ಲಿ, ಕೊಡಗಿನ ಐನ್‌ಮನೆಗಳಲ್ಲಿ, ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ಕೈಲ್ ಪೊಳ್ದ್ ಹಬ್ಬವು ನಡೆಯುವುದು. ನಾಟಿಯ ಕೆಲಸ ತೀರುವವರೆಗೆ ಕೋಣೆಯನ್ನು ಸೇರಿದ್ದ ಕೋವಿ, ಒಡಿಕತ್ತಿಗಳನ್ನು ಅಂದು ಹೊರತೆಗೆದು, ತೋಕ್ ಪೂವೆಂಬ ಕೆಂಪು ಹೂವನ್ನು ಮುಡಿಸಿ ಪೂಜಿಸುವರು. ಈಚೆಯ ದಡದಲ್ಲಿ, ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಬುಡದ ಬೆಟ್ಟದಪುರದಲ್ಲಿಯೂ, ಸುತ್ತಲ ಪಿರಿಯಾಪಟ್ಟಣ ಹುಣಸೂರು ಸೀಮೆಯಲ್ಲಿಯೂ ನವರಾತ್ರಿ ಬಂದಾಗ ಆಯುಧಪೂಜೆ. ಕೋವಿಯುಳ್ಳ ಮನೆಯಲ್ಲಿ ಕೋವಿಗೆ, ಇಲ್ಲದ ಮನೆಯಲ್ಲಿ ಉಳಿ, ಬಾಚಿ, ನೇಗಿಲುಗಳಿಗೆ ಅರಿಸಿನ ಕುಂಕುಮ ಸಲ್ಲುವುದು.

ಆಚರಣೆಯು ಒಳ್ಳೆಯದೇ. ಆದರೆ ಪೂಜೆ ಮಾಡುವ ವಿದ್ಯಾವಂತ ಗೃಹಸ್ಥನನ್ನು ಒಂದು ಪ್ರಶ್ನೆ ಕೇಳಿದರೆ ಅವನ ಬಾಯಿ ಕಟ್ಟುವುದು. ನಳಿಗೆಯ ಮೇಲಿನ ಕಂಪೆನಿಯ ಹೆಸರನ್ನು ಅವನು ಓದಿ ಹೇಳಬಲ್ಲನು. ಕೊಂಡ ವರ್ಷವನ್ನೂ ಹೇಳಬಲ್ಲನು. ಹೆಗಲಿಗೆ ಒರಗುವ, ಕೆನ್ನೆಗೆ ತಾಗುವ, ಬೆವರಿದ ಅಂಗೈಯಲ್ಲಿ ಜಾರದೆ ನಿಲ್ಲುವ ಆ ಮರದ ಹಿಡಿಯನ್ನು ಕೆತ್ತಿದವನು ಯಾರು? ಅದು ಸವೆದರೆ ಮರಳಿ ಕೆತ್ತಬಲ್ಲವನು ಊರಿನಲ್ಲಿ ಇರುವನೆ? ಇದಕ್ಕೆ ಉತ್ತರವಿಲ್ಲ. ಉತ್ತರವಿಲ್ಲವೆಂಬುದಕ್ಕೆ ನಾಚಿಕೆಯೂ ಇಲ್ಲ. ಆಯುಧವನ್ನು ಪೂಜಿಸಿ ಕೈಯನ್ನು ಮರೆಯುವ ಈ ಭಕ್ತಿಯು ಅರ್ಧ ಭಕ್ತಿಯೇ ಸರಿ.

ಹಿಡಿಯ ಮೇಲಿನ ಚೌಕುಳಿ ಗೀರುಗಳನ್ನು ಹಲವರು ಬರಿಯ ಅಲಂಕಾರವೆಂದು ತಿಳಿದಿರುವರು. ಅದು ತಪ್ಪು. ಓರೆಯಾಗಿ ಒಂದನ್ನೊಂದು ಕತ್ತರಿಸುವ ಗೀರುಗಳ ನಡುವೆ ಸಣ್ಣ ಸಣ್ಣ ಮೊನಚು ಹರಳುಗಳು ಎದ್ದು ನಿಲ್ಲುವುವು. ಅವು ಅಂಗೈಯ ಚರ್ಮವನ್ನು ಕಚ್ಚಿ ಹಿಡಿಯುವುವು. ಮಳೆಯಲ್ಲಿಯೂ ಬೆವರಿನಲ್ಲಿಯೂ ಕೋವಿ ಜಾರದಂತೆ ಕಾಯುವುವು. ಒಂದು ಅಂಗುಲದಲ್ಲಿ ಹದಿನೆಂಟರಿಂದ ಇಪ್ಪತ್ತನಾಲ್ಕು ಗೀರುಗಳು ಸಾಮಾನ್ಯ. ಹರಳಿನ ಉದ್ದವು ಅಗಲದ ಮೂರರಷ್ಟು ಇದ್ದರೆ ಕಣ್ಣಿಗೆ ಹಿತ. ಮೊದಲು ಬಾಗುವ ಅಳತೆಪಟ್ಟಿಯನ್ನು ಹಿಡಿಯ ಉಬ್ಬಿನ ಮೇಲೆ ಒತ್ತಿ ಎರಡು ಮೂಲಗೀರುಗಳನ್ನು ಎಳೆಯಬೇಕು. ಅನಂತರದ ಉಪಕರಣಕ್ಕೆ ಎರಡು ಸಾಲು ಹಲ್ಲು: ಒಂದು ಸಾಲು ಹಿಂದಿನ ಗೀರಿನಲ್ಲಿ ಓಡುವುದು, ಇನ್ನೊಂದು ಸಾಲು ಮುಂದಿನ ಗೀರನ್ನು ಕೊರೆಯುವುದು. ಆದುದರಿಂದ ಮೊದಲ ಗೀರಿನ ಕೂದಲೆಳೆಯ ಸೊಟ್ಟವು ಇಪ್ಪತ್ತನೆಯ ಗೀರಿಗೆ ಬರುವಷ್ಟರಲ್ಲಿ ಊರಿಗೆಲ್ಲ ಕಾಣುವ ಸೊಟ್ಟವಾಗುವುದು. ಒಂದೇ ಸಲ ಆಳವಾಗಿ ಕೊರೆಯುವಂತಿಲ್ಲ. ಎಲ್ಲ ಗೀರುಗಳನ್ನೂ ತೆಳುವಾಗಿ ಎಳೆದು, ಮತ್ತೆ ಮತ್ತೆ ಬಂದು, ಹರಳು ಮೊನೆಗೂಡುವವರೆಗೆ ತಾಳಬೇಕು. ಅಂಚನ್ನು ದಾಟಿ ಒಮ್ಮೆ ಉಪಕರಣ ಜಾರಿತೆಂದರೆ ಆ ಗಾಯವು ಮಾಯದು. ತಪ್ಪನ್ನು ಮುಚ್ಚಲು ಎಡೆಗೊಡದ ವಿದ್ಯೆಯಿದು. ಇದೇ ಇದರ ಹಿರಿಮೆ.

ಇಷ್ಟು ಕಷ್ಟವೇಕೆ, ಯಂತ್ರವಿದೆಯಲ್ಲ ಎಂಬುದು ಮೊದಲನೆಯ ಆಕ್ಷೇಪ. ಇದಕ್ಕೆ ಅಮೆರಿಕೆಯ ಚರಿತ್ರೆಯೇ ಉತ್ತರ ಹೇಳುವುದು. 1964ರಲ್ಲಿ ವಿಂಚೆಸ್ಟರ್ ಕಂಪೆನಿಯು ಖರ್ಚನ್ನು ತಗ್ಗಿಸಲೆಂದು, ತನ್ನ ಹೆಸರುವಾಸಿಯಾದ 70ನೆಯ ಮಾದರಿಯ ಬಂದೂಕಿನ ಹಿಡಿಗೆ ಕೈಯಿಂದ ಕೆತ್ತುವುದನ್ನು ಬಿಟ್ಟು ಅಚ್ಚೊತ್ತುವ ಕ್ರಮವನ್ನು ತಂದಿತು. ದೂರದಿಂದ ನೋಡಿದರೆ ಅದೇ ಚೌಕುಳಿ. ಆದರೆ ಎದ್ದು ನಿಲ್ಲಬೇಕಾದ ಹರಳುಗಳು ಮರದೊಳಗೆ ಹುದುಗಿಹೋಗಿದ್ದುವು; ಅಂಗೈಗೆ ಕಚ್ಚುವ ಮೊನೆಯೇ ಇರಲಿಲ್ಲ. ರೂಪವಿತ್ತು, ಗುಣವಿರಲಿಲ್ಲ. ಬಲ್ಲವರು ಅದನ್ನು ಕಂಡು ಮುಖ ತಿರುಗಿಸಿದರು. ಆ ವರ್ಷಕ್ಕೆ ಹಿಂದಿನ ಬಂದೂಕುಗಳಿಗೆ ಇಂದಿಗೂ ಹೆಚ್ಚಿನ ಬೆಲೆಯುಂಟು. ಇಂದಿನ ಯಂತ್ರಗಳು ಚೆನ್ನಾಗಿಯೇ ಕೆತ್ತುವುವೆಂಬುದನ್ನು ಒಪ್ಪಬಹುದು. ಆದರೆ ಅವು ಹೊಸ ಹಿಡಿಯನ್ನು ಕೆತ್ತುವುವೇ ಹೊರತು, ಅಜ್ಜನ ಅಂಗೈಯಲ್ಲಿ ಸವೆದ ಗೀರುಗಳನ್ನು ಒಂದೊಂದಾಗಿ ಹುಡುಕಿ ಎಬ್ಬಿಸಲು ಕೈಯೇ ಬೇಕು. ಆ ಕೈ ಇಲ್ಲದಲ್ಲಿ ಆಗುವುದೇನು? ಸವೆದ ಗೀರುಗಳ ಮೇಲೆ ದಪ್ಪನಾದ ವಾರ್ನಿಷು ಬಳಿಯುವರು. ಗೀರು ತುಂಬಿಹೋಗುವುದು, ಹಿಡಿ ಮಿರುಗುವುದು, ಮನೆಯವರು ಹಿಗ್ಗುವರು. ಕೆಟ್ಟದ್ದನ್ನು ಕೆಡಿಸಿ ಹಿಗ್ಗುವುದೆಂದರೆ ಇದೇ.

ಎರಡನೆಯ ಆಕ್ಷೇಪವು ಇನ್ನೂ ಹಾನಿಕರ. 'ಅದು ಆಚಾರಿಗಳ ಕೆಲಸ. ಅವರ ರಕ್ತದಲ್ಲಿಯೇ ಬಂದದ್ದು. ಓದಿದ ಹುಡುಗರಿಗೆ ಅದೇಕೆ?' ಎನ್ನುವರು. ಇದು ಹೊಗಳಿಕೆಯ ವೇಷ ತೊಟ್ಟ ತಿರಸ್ಕಾರ. ರಕ್ತದಲ್ಲಿ ಬರುವುದಾಗಿದ್ದರೆ ಗುರುವೇಕೆ, ಶಿಷ್ಯನೇಕೆ, ಹತ್ತು ವರ್ಷದ ದುಡಿಮೆಯೇಕೆ? ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಕಾರ್ಖಾನೆಗಳಲ್ಲಿ ಹುಲಿಮುಖ, ಹುಲಿಪಟ್ಟೆಗಳ ಅಲಂಕಾರವುಳ್ಳ ಕೋವಿಗಳು ತಯಾರಾದುವು. ಅಸದ್ ಖಾನ್ ಮಹಮ್ಮದ್ ಮುಂತಾಗಿ ಕಮ್ಮಟಿಗರ ಹೆಸರುಗಳು ಅವುಗಳ ಮೇಲೆ ಇಂದಿಗೂ ಉಳಿದಿವೆ. ಅವುಗಳಲ್ಲಿ ಒಂದು 2015ರಲ್ಲಿ ಲಂಡನ್ನಿನ ಹರಾಜಿನಲ್ಲಿ ಏಳು ಲಕ್ಷ ಪೌಂಡಿಗೂ ಮಿಕ್ಕಿದ ಬೆಲೆಗೆ ಹೋಯಿತು. ಆ ವಸ್ತುಗಳು ಸೀಮೆ ದಾಟಿದುದಕ್ಕೆ 1799ರ ಯುದ್ಧವು ಕಾರಣ. ವಿದ್ಯೆಯು ಸೀಮೆಯಲ್ಲಿ ನಿಲ್ಲದಿರುವುದಕ್ಕೆ ಮಾತ್ರ ಯಾವ ಯುದ್ಧವೂ ಕಾರಣವಲ್ಲ. ಕಲಿಸುವವನಿಗೆ ಮಣೆ ಹಾಕದ ಮನೋಭಾವವೇ ಕಾರಣ. ಅತ್ತ ಅಮೆರಿಕೆಯಲ್ಲಿ ಮಾಂಟಿ ಕೆನಡಿಯೆಂಬವನು 1952ರಲ್ಲಿ ಈ ಕೆತ್ತನೆಯ ಕ್ರಮವನ್ನೆಲ್ಲ ಒಂದು ಪುಸ್ತಕವಾಗಿ ಬರೆದನು. ಯಾರ ಮಗನೆಂದು ಕೇಳದೆ, ಓದಿ ಅಭ್ಯಾಸ ಮಾಡಿದವನೆಲ್ಲ ಕಲಿಯುವಂತಾಯಿತು. ಮೈಸೂರಿನಲ್ಲಿಯೂ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿಗೆ ಅಸ್ತಿಭಾರ ಹಾಕಿದವರ ಆಶಯ ಇದೇ ಅಲ್ಲವೆ? ಕೈಗೆಲಸವು ಕುಲದ ಗುಟ್ಟಾಗಿ ಉಳಿಯದೆ ಶಾಲೆಯ ಪಾಠವಾಗಬೇಕೆಂಬುದು.

ಮೂರನೆಯವರು ಅಹಿಂಸೆಯ ಹೆಸರಿನಲ್ಲಿ ಬರುವರು: ಕೋವಿಯ ಹಿಡಿಯನ್ನು ಕೆತ್ತಲು ಕಲಿಸಿದರೆ ಕೊಲೆಯನ್ನು ಕಲಿಸಿದಂತೆಯೇ ಎಂದು. ಅವರ ಕಳಕಳಿಯು ಗೌರವಕ್ಕೆ ಅರ್ಹ, ತರ್ಕವು ಅಲ್ಲ. 1972ರ ವನ್ಯಜೀವಿ ಕಾಯಿದೆಯು ಬೇಟೆಯ ಕಾಲವನ್ನು ಮುಗಿಸಿತು. ಕೊಡಗಿನ ಮನೆಗಳಲ್ಲಿ ಕೋವಿಯು ಈಗ ಸದ್ದು ಮಾಡುವುದು ಗಂಡುಮಗು ಹುಟ್ಟಿದಾಗ, ಹಿರಿಯರು ತೀರಿದಾಗ, ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವಾಗ. 1861ರಿಂದ ಬಂದ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿರುವುದು ಈ ಸಂಪ್ರದಾಯವನ್ನು ಮನ್ನಿಸಿಯೇ. ಮೇಲಾಗಿ, ಕಲಿಯುವವನಿಗೆ ಕೋವಿಯೇ ಬೇಕಾಗಿಲ್ಲ. ಕೋವಿಯನ್ನು ದುರಸ್ತು ಮಾಡುವವನು 1959ರ ಆಯುಧ ಕಾಯಿದೆಯಂತೆ ಅನುಮತಿಪತ್ರವನ್ನು ಪಡೆಯಲೇಬೇಕು. ಆದರೆ ಒಂದು ಗಟ್ಟಿ ಮರದ ತುಂಡಿನ ಮೇಲೆ ಗೀರೆಳೆಯಲು ಯಾರ ಅಪ್ಪಣೆಯೂ ಬೇಡ. ಊರುಗೋಲಿನ ಹಿಡಿಗೂ ಕತ್ತಿಯ ಹಿಡಿಗೂ ಇದೇ ಗೀರು, ಇದೇ ಲೆಕ್ಕ, ಇದೇ ತಾಳ್ಮೆ.

ಈ ಸೀಮೆಗೆ ಕೊರತೆಯಿರುವುದು ಮರದ್ದಲ್ಲ. ನಾಗರಹೊಳೆಯ ಅಂಚಿನ ಹುಣಸೂರಿನವರಿಗೆ ಬೀಟೆ, ತೇಗಗಳ ಹೆಸರು ಹೊಸದಲ್ಲ. ಮೈಸೂರಿನ ಬೀಟೆಯ ಕೂಡುಕೆಲಸಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಕೊರತೆಯಿರುವುದು ಕಲಿಯುವವರದ್ದು, ಅದಕ್ಕಿಂತ ಹೆಚ್ಚಾಗಿ, ಕಲಿಯಲೆಂದು ಮಗನನ್ನೂ ಮಗಳನ್ನೂ ಕಳುಹಿಸುವ ಮನೆಗಳದ್ದು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಗೆಲಸದ ಮೂಲಕವೇ ವಿದ್ಯೆ ಬರಬೇಕೆಂದಾಗ ದೇಶವೆಲ್ಲ ತಲೆದೂಗಿತು. ತಲೆ ತೂಗಿದವರು ಕೈ ಚಾಚಲಿಲ್ಲ. ರೇಖಾಗಣಿತದ ಓರೆಗೀರು, ಕೋನ, ಅನುಪಾತಗಳನ್ನು ಹಲಗೆಯ ಮೇಲೆ ಬರೆದು ಮರೆಯುವ ಬಾಲಕನು ಅವನ್ನೇ ಮರದ ಮೇಲೆ ಕೆತ್ತಿದರೆ ಮರೆಯುವನೆ?

ಆದುದರಿಂದ ಮಾಡತಕ್ಕದ್ದು ದೊಡ್ಡದೇನೂ ಅಲ್ಲ. ಪ್ರೌಢಶಾಲೆಯಲ್ಲಿ ವಾರಕ್ಕೆ ಎರಡು ಅವಧಿ, ನಾಲ್ಕಾರು ಉಪಕರಣ, ಊರಿನ ವೃದ್ಧ ಆಚಾರಿಗೆ ಮೇಷ್ಟರ ಕುರ್ಚಿ ಮತ್ತು ಮೇಷ್ಟರ ಸಂಬಳ. ಕೊನೆಯದು ಮುಖ್ಯ. ಶಾಲು ಹೊದಿಸಿ ಹಾರ ಹಾಕಿ ಕಳುಹಿಸುವ ಸನ್ಮಾನದಿಂದ ಯಾವ ವಿದ್ಯೆಯೂ ಬದುಕಿದ್ದಿಲ್ಲ. ಶಿಷ್ಯನನ್ನು ಎದುರಿಗೆ ಕೂರಿಸಿದರೆ ಬದುಕುವುದು.

ಸಿಡಿಲು ಮಲ್ಲಿಕಾರ್ಜುನನ ಬೆಟ್ಟವನ್ನು ಹತ್ತುವವರು ಮೆಟ್ಟಿಲಿಗೊಮ್ಮೆ ದೇವರನ್ನು ನೆನೆಯುವರು. ಆ ಕಲ್ಲನ್ನು ಕಡಿದ ಕೈಯನ್ನೂ ಒಮ್ಮೆ ನೆನೆದರೆ ದೇವರೇನೂ ಮುನಿಯನು. ಮುಂದಿನ ಆಯುಧಪೂಜೆಯ ದಿನ, ಕೋವಿಗೆ ಕುಂಕುಮವಿಡುವ ಮುನ್ನ, ಮನೆಯ ಯಜಮಾನನು ಅದರ ಹಿಡಿಯ ಮೇಲೆ ಬೆರಳಾಡಿಸಿ ನೋಡಲಿ. ಗೀರುಗಳು ಇನ್ನೂ ಕಚ್ಚುವುವೆ, ಅಥವಾ ನುಣುಪಾಗಿ ಹೋಗಿವೆಯೆ? ನುಣುಪಾಗಿದ್ದರೆ ಅದನ್ನು ಮರಳಿ ಕೆತ್ತಲು ಯಾರ ಮಗುವನ್ನು ಕಲಿಸಬೇಕೆಂಬ ಪ್ರಶ್ನೆಗೆ ಉತ್ತರವು ಅವನ ಮನೆಯೊಳಗೆಯೇ ಆಡಿಕೊಂಡಿರುವುದು.